ಹೇಗ್‌ನಲ್ಲಿ ಅಮೀನ ಇಲ್ಲ

ವರ್ಷಕ್ಕೊಮ್ಮೆಯಾದರೂ ಹುಬ್ಬಳ್ಳಿ-ಧಾರವಾಡದ ಯಾವುದೋ ಕಾಲೇಜಿನವರು ನನ್ನನ್ನು ಅಣಕು ವಿಶ್ವಸಂಸ್ಥೆ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆಯುತ್ತಾರೆ. ಒಂದು ಯುದ್ಧ ಕೊಡುತ್ತಾರೆ, ಹುಡುಗರು ಅದನ್ನು ನಿಲ್ಲಿಸುವ ಪ್ರಸ್ತಾವ ಬರೆಯಬೇಕು. ಹುಡುಗರು ಜಾಣರು, ರಾತ್ರಿಯೆಲ್ಲ ಓದಿರುತ್ತಾರೆ, ಅಣ್ಣನ ಕೋಟು ಹಾಕಿಕೊಂಡು ಬಂದಿರುತ್ತಾರೆ, ನೋಡಿದರೆ ಖುಷಿಯಾಗುತ್ತದೆ. ಆದರೆ ಹತ್ತರಲ್ಲಿ ಎಂಟು ಪ್ರಸ್ತಾವ ಮುಗಿಯುವುದು ಒಂದೇ ಸಾಲಿನಲ್ಲಿ: "ವಿವಾದವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಿ, ತೀರ್ಪನ್ನು ಜಾರಿ ಮಾಡತಕ್ಕದ್ದು." ಆ ಕೋರ್ಟು ಇರೋದು ನೆದರ್‌ಲ್ಯಾಂಡ್ಸ್‌ನ ಹೇಗ್ ಊರಿನಲ್ಲಿ. ಒಪ್ಪಿಸೋದು ಯಾರು, ಜಾರಿ ಮಾಡೋದು ಯಾರು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹೋದ ಸಲ ಒಬ್ಬ ಧೈರ್ಯ ಮಾಡಿ, "ಸರ, ಹೇಗ್‌ನಾಗ ಕೇಸ್ ಹಾಕಿದ್ರ ಮುಗೀತಲ್ರಿ?" ಅಂದ.

ಮುಗಿಯೋದು ಇರಲಿ ತಮ್ಮಾ, ಶುರುವಾಗೋದೇ ಅನುಮಾನ.

ನಾನು ಧಾರವಾಡದಲ್ಲಿ ವಕೀಲ. ಹೊಟ್ಟೆಪಾಡು ಹೊಲಮನೆ ಕೇಸುಗಳು. ವಾರಕ್ಕೆರಡು ದಿನ ಮಧ್ಯಸ್ಥಿಕೆಗೆ ಕೂರುತ್ತೇನೆ. ಅಂತರರಾಷ್ಟ್ರೀಯ ಕಾನೂನು ಎಲ್‌ಎಲ್‌ಎಂ ಓದುವಾಗ ಹತ್ತಿದ ಚಟ, ಇನ್ನೂ ಬಿಟ್ಟಿಲ್ಲ. ಹುಡುಗರ ತಪ್ಪಿನ ಬೇರು ನನಗೆ ಗೊತ್ತು, ಯಾಕೆಂದರೆ ನನ್ನ ಕಕ್ಷಿದಾರರದ್ದೂ ಅದೇ ನಂಬಿಕೆ. ದಾವೆ ಹಾಕಿದರೆ ಎದುರಿನವ ಬರಲೇಬೇಕು. ಬರದಿದ್ದರೆ ಏಕಪಕ್ಷೀಯ ತೀರ್ಪು. ಆಮೇಲೆ ಅಮಲ್‌ಜಾರಿ ದರಖಾಸ್ತು, ತೀರ್ಪು ಜಾರಿ ಮಾಡಲು ಬರುವ ಕೋರ್ಟಿನ ಅಮೀನ, ಪೊಲೀಸ್ ಬಂದೋಬಸ್ತು. ಊರಿನ ಕೋರ್ಟು ಹೀಗೇ ಇರೋದು, ಹಾಗಾಗಿ ಲೋಕದ ಕೋರ್ಟೂ ಇದರದೇ ದೊಡ್ಡ ಕಟ್ಟಡ ಅಂದುಕೊಳ್ಳುತ್ತಾರೆ.

ಹೇಗ್‌ನಲ್ಲಿ 15 ನ್ಯಾಯಾಧೀಶರಿದ್ದಾರೆ. ಅಮೀನ ಇಲ್ಲ. ಅದಕ್ಕಿಂತ ಮೊದಲಿನ ಮಾತು, ಒಂದು ದೇಶ ಒಪ್ಪದೆ ಅದರ ಮೇಲಿನ ಕೇಸನ್ನು ಆ ಕೋರ್ಟು ಕೇಳುವಂತೆಯೇ ಇಲ್ಲ. ಒಪ್ಪಿಗೆ ಮೂರ್ನಾಲ್ಕು ದಾರಿಯಲ್ಲಿ ಬರಬಹುದು. ಇಬ್ಬರೂ ಕೂಡಿ ಬಂದು ಕೇಳಬಹುದು, ಹಿಂದೆಂದೋ ಸಹಿ ಮಾಡಿದ ಒಪ್ಪಂದದಲ್ಲಿ ಅಂಥ ಕಲಮು ಇರಬಹುದು, ಅಥವಾ ಷರತ್ತು ಹಾಕಿ ಮೊದಲೇ ಘೋಷಣೆ ಕೊಟ್ಟಿರಬಹುದು. ಯಾವುದೂ ಇಲ್ಲವಾದರೆ ಬಾಗಿಲು ಬಂದ್. (ಐಸಿಸಿ, ಅಂದರೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಬೇರೆ. ಅದು ವ್ಯಕ್ತಿಗಳ ಮೇಲೆ ಯುದ್ಧಾಪರಾಧದ ಕೇಸು ನಡೆಸುವ ಕೋರ್ಟು. ಅದೂ ಹೇಗ್‌ನಲ್ಲೇ ಇರೋದರಿಂದ ನನಗೆ ತಲೆನೋವು.)

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಇಳಿಯೋದಿಲ್ಲ, ಅದಕ್ಕೇ ನಮ್ಮದೇ ಉದಾಹರಣೆ ಹೇಳುತ್ತೇನೆ. 1999ರ ಆಗಸ್ಟ್‌ನಲ್ಲಿ, ಕಾರ್ಗಿಲ್ ಮುಗಿದ ಹೊಸದರಲ್ಲಿ, ಪಾಕಿಸ್ತಾನದ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ನಮ್ಮವರು ಕಛ್ ಕಡೆ ಹೊಡೆದುರುಳಿಸಿದರು. 16 ಜನ ಸತ್ತರು. ಪಾಕಿಸ್ತಾನ ಹೇಗ್‌ಗೆ ಹೋಯಿತು. 2000ದ ಜೂನ್‌ನಲ್ಲಿ ಕೋರ್ಟು 14-2ರಿಂದ, ಈ ಕೇಸು ಕೇಳುವ ಅಧಿಕಾರ ನಮಗಿಲ್ಲ ಅಂದಿತು. ಕಾಮನ್‌ವೆಲ್ತ್ ದೇಶಗಳ ಜೊತೆಗಿನ ಜಗಳಕ್ಕೆ ನಾನು ಬರೋದಿಲ್ಲ ಅಂತ ಭಾರತ ತನ್ನ ಘೋಷಣೆಯಲ್ಲಿ ಮೊದಲೇ ಹೇಳಿತ್ತು, ಅಷ್ಟೇ. ಹೊಡೆದದ್ದು ಸರಿಯೋ ತಪ್ಪೋ ಅನ್ನುವ ಪುಟವನ್ನು ಕೋರ್ಟು ತೆರೆಯಲೇ ಇಲ್ಲ.

ಈಗ 2017ಕ್ಕೆ ಬನ್ನಿ. ಅದೇ ಕೋರ್ಟು, ಅದೇ ಎರಡು ದೇಶ, ಬೇಹುಗಾರಿಕೆಯ ಆರೋಪದ ಮೇಲೆ ಪಾಕಿಸ್ತಾನ ಮರಣದಂಡನೆ ವಿಧಿಸಿದ್ದ ನಮ್ಮ ಕುಲಭೂಷಣ್ ಜಾಧವ್ ಕೇಸು. ಈ ಸಲ ಹೋದವರು ನಾವು, ಮತ್ತೆ ಈ ಸಲ ಕೇಸು ನಿಂತಿತು. ಯಾಕೆ? ಕಾನ್ಸುಲರ್ ಸಂಬಂಧಗಳ, ಅಂದರೆ ಪರದೇಶದಲ್ಲಿರುವ ತನ್ನ ಪ್ರಜೆಗಳಿಗೆ ಒಂದು ದೇಶದ ಅಧಿಕಾರಿಗಳು ನೆರವಾಗುವ ಬಗೆಗಿನ ವಿಯೆನ್ನಾ ಒಪ್ಪಂದಕ್ಕೆ ಒಂದು ಬಾಲ ಇದೆ, ಜಗಳ ಬಂದರೆ ಹೇಗ್‌ಗೆ ಹೋಗೋಣ ಅಂತ ಅದರಲ್ಲಿ ಇಬ್ಬರೂ ಎಂದೋ ಸಹಿ ಮಾಡಿದ್ದರು. ಗೆದ್ದದ್ದೂ ಆ ಒಪ್ಪಂದದ ಅಳತೆಗೆ ತಕ್ಕಷ್ಟೇ. 2019ರಲ್ಲಿ ಕೋರ್ಟು ಹೇಳಿದ್ದು ಭಾರತದ ಅಧಿಕಾರಿಗಳ ಭೇಟಿಗೆ ಅವಕಾಶ ಕೊಡಿ, ಶಿಕ್ಷೆಯನ್ನು ಮರುಪರಿಶೀಲಿಸಿ ಅಂತ. ಬಿಡುಗಡೆ ಮಾಡಿ ಅಂತ ಹೇಳಲಿಲ್ಲ. ಅವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪೇಡೆ ಹಂಚಿದವರಿಗೆ ಇದನ್ನು ಹೇಳಿ ನಾನು ಬೈಸಿಕೊಂಡೆ.

ಭದ್ರತಾ ಮಂಡಳಿ ಜಾರಿ ಮಾಡುತ್ತದಲ್ವಾ ಅಂತೀರಿ. ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿಯಲ್ಲಿ ಹಾಗೆ ಇದೆ. 1986ರಲ್ಲಿ ಅಮೆರಿಕದ ವಿರುದ್ಧ ಗೆದ್ದ ನಿಕರಾಗುವ ಅಲ್ಲಿಗೇ ಹೋಯಿತು. ಸೋತ ಅಮೆರಿಕ ಅಲ್ಲಿ ವೀಟೊ ಹಾಕಿತು.

ಹಾಗಂತ ಕೋರ್ಟಿಗೆ ಹೋಗೋದೇ ದಂಡ ಅಂತ ತಿಳಿಯಬೇಡಿ. ಬಕಾಸಿ ಅಂತ ಆಫ್ರಿಕದ ಕಡಲಂಚಿನ ಒಂದು ಜೌಗು ನೆಲ, ನೈಜೀರಿಯ ಮತ್ತು ಕ್ಯಾಮರೂನ್ ಸೇನೆಗಳು ಅದಕ್ಕಾಗಿ ಗುಂಡು ಹಾರಿಸಿಕೊಂಡಿದ್ದವು. 2002ರಲ್ಲಿ ಕೋರ್ಟು ಅದು ಕ್ಯಾಮರೂನ್‌ದು ಅಂದಿತು. ನೈಜೀರಿಯ ಮುಖ ತಿರುಗಿಸಿತು. ಅಲ್ಲಿ ವಾಸವಾಗಿದ್ದವರಲ್ಲಿ ನೈಜೀರಿಯದವರೇ ಜಾಸ್ತಿ, ಮೀನು ಹಿಡಿದು ಬದುಕುವವರು, ಅವರನ್ನೇನು ಮಾಡೋದು? ಆಗ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಇಬ್ಬರೂ ಅಧ್ಯಕ್ಷರನ್ನು ಕೂರಿಸಿ ಮಾತಾಡಿಸಿದರು, ಎರಡೂ ಕಡೆಯವರಿದ್ದ ಆಯೋಗ ಮಾಡಿಸಿದರು. 2006ರಲ್ಲಿ ಗ್ರೀನ್‌ಟ್ರೀ ಒಪ್ಪಂದವಾಯಿತು. ಅಲ್ಲಿರುವವರನ್ನು ಬಲವಂತವಾಗಿ ಎಬ್ಬಿಸಬಾರದು, ಅವರ ಮೀನುಗಾರಿಕೆಗೆ ಅಡ್ಡಿ ಮಾಡಬಾರದು ಅಂತೆಲ್ಲ ಅದರಲ್ಲಿ ಬರೆದರು. ಸೇನೆ ಹೊರಟಿತು, 2008ಕ್ಕೆ ಹಸ್ತಾಂತರ ಪೂರ್ತಿಯಾಯಿತು. ನೆಲ ಯಾರದು ಅಂತ ಹೇಳಿದ್ದು ಕೋರ್ಟು. ಹೇಗೆ ಬಿಟ್ಟುಕೊಡೋದು ಅನ್ನೋದಕ್ಕೆ ಇನ್ನೂ ಆರು ವರ್ಷ ಹಿಡಿಯಿತು. ನರಗುಂದ, ನವಲಗುಂದದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಹದಾಯಿ ನ್ಯಾಯಮಂಡಳಿ 2018ರಲ್ಲೇ ನಮಗೆ 13.42 ಟಿಎಂಸಿ ಅಂತ ಬರೆದುಕೊಟ್ಟಿದೆ.

ಹುಡುಗರಿಗೆ ನಾನು ಹೇಳೋದು ಇಷ್ಟು. ಸನ್ನದಿನ 33ನೇ ವಿಧಿ ತೆಗೆದು ಓದಿ. ಮಾತುಕತೆ, ಮಧ್ಯಸ್ಥಿಕೆ, ಪಂಚಾಯ್ತಿ, ಕೋರ್ಟು ಎಲ್ಲ ಪಟ್ಟಿ ಮಾಡಿ ಕೊನೆಗೆ ನೀವೇ ಆರಿಸಿಕೊಂಡ ಬೇರೆ ದಾರಿಯೂ ಆದೀತು ಅನ್ನುತ್ತದೆ. ದಾರಿ ಯಾವುದಾದರೂ ಇರಲಿ, ನಿಮ್ಮ ಕಾಗದವನ್ನು ಎದುರಿನವ ತನ್ನ ಊರಿಗೆ ಒಯ್ದು ತನ್ನ ಜನರಿಗೆ ತೋರಿಸುವಂತಿರಬೇಕು. ಆತ ಮನೆಗೆ ಹೋಗಿ ಏನು ಹೇಳುತ್ತಾನೆ ಅಂತ ಯೋಚಿಸದೆ ಬರೆದ ಪ್ರಸ್ತಾವ ಸುಮ್ನೆ ಭಾಷಣ.

ನನ್ನ ಹತ್ತಿರ ನವಲಗುಂದ ಕಡೆಯ ಅಣ್ಣತಮ್ಮಂದಿರ ಕೇಸೊಂದಿತ್ತು, ಗುರುತು ಸಿಗದಂತೆ ಹೇಳುತ್ತೇನೆ. ತಮ್ಮನ ಹೊಲದ ಬದುವಿನ ಮೇಲೆ ಅಣ್ಣನ ಟ್ರ್ಯಾಕ್ಟರ್ ಹೋಗಬೇಕು. ಎರೆ ನೆಲ, ಮಳೆ ಬಿದ್ದರೆ ಬೇರೆ ದಾರಿಯೇ ಇಲ್ಲ. ಹನ್ನೊಂದು ವರ್ಷ ಬಡಿದಾಡಿದ್ದರು. ತಮ್ಮನನ್ನು ಒಬ್ಬನನ್ನೇ ಕೂರಿಸಿ ಕೇಳಿದಾಗ ಗೊತ್ತಾಯಿತು, ಟ್ರ್ಯಾಕ್ಟರ್ ಹೋದರೆ ಅವನಿಗೆ ಏನೂ ಬೇಜಾರಿಲ್ಲ, ಇವತ್ತು ಬಿಟ್ಟರೆ ನಾಳೆ ಅದೇ ಹಕ್ಕಾಗಿ ಉತಾರದಲ್ಲಿ ಕೂರುತ್ತದೆ ಅನ್ನೋ ಹೆದರಿಕೆ. ಹಾಗಾಗಿ ಒಂದು ಕಾಗದ ಮಾಡಿದೆವು. ಅಣ್ಣ ಹೋಗಬಹುದು, ವರ್ಷಕ್ಕೆ ಒಂದು ಬಂಡಿ ಹೊಟ್ಟು ಕೊಡಬೇಕು, ಇದರಿಂದ ಯಾರ ಹಕ್ಕೂ ಬೆಳೆಯೋದಿಲ್ಲ, ಯಾರ ಹಕ್ಕೂ ಕಡಿಮೆಯಾಗೋದಿಲ್ಲ, ಪ್ರತಿ ವರ್ಷ ಹೊಸದಾಗಿ ಸಹಿ.

ಈ ಕಲಮು ನನ್ನ ಜಾಣತನ ಅಂದುಕೊಳ್ಳಬೇಡಿ. ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನ 1982ರಲ್ಲಿ 74 ದಿನ ಯುದ್ಧ ಮಾಡಿದವು. 1989ರಲ್ಲಿ ಮ್ಯಾಡ್ರಿಡ್‌ನಲ್ಲಿ ಕೂತು, ನಾವು ಇಲ್ಲಿ ಏನು ಮಾತಾಡಿದರೂ ದ್ವೀಪ ಯಾರದು ಅನ್ನೋ ವಾದಕ್ಕೆ ಅದು ತಾಗಬಾರದು ಅಂತ ಮೊದಲು ಬರೆದುಕೊಂಡವು, ಅದರ ಕೆಳಗೆ ಮಿಕ್ಕ ಮಾತು ನಡೆದವು. ಮರುವರ್ಷ ಫೆಬ್ರವರಿಗೆ ರಾಯಭಾರ ಸಂಬಂಧ ಮತ್ತೆ ಶುರುವಾಯಿತು. ದ್ವೀಪದ ಜಗಳ ಇವತ್ತಿಗೂ ಹಾಗೇ ಇದೆ. ಎಲ್ಲ ಯುದ್ಧಕ್ಕೂ ಈ ಔಷಧ ನಾಟುತ್ತದೆ ಅಂತ ನಾನು ಬರೆದುಕೊಡಲಾರೆ, ಒಬ್ಬನಿಗೆ ಇನ್ನೊಬ್ಬ ಬದುಕಿರೋದೇ ಬೇಡವಾಗಿದ್ದರೆ ಯಾವ ಕಲಮೂ ಕೆಲಸ ಮಾಡೋದಿಲ್ಲ.

ಅಣ್ಣತಮ್ಮ ಮೂರು ವರ್ಷ ತಪ್ಪದೆ ಮುಂಗಾರಿಗೆ ಮೊದಲು ನನ್ನ ಆಫೀಸಿಗೆ ಬಂದು ಸಹಿ ಮಾಡಿದರು. ನಾಲ್ಕನೇ ವರ್ಷ ಬರಲಿಲ್ಲ. ಎದೆ ಧಸಕ್ಕೆಂದು ತಮ್ಮನಿಗೆ ಫೋನ್ ಮಾಡಿದೆ. "ಅಯ್ಯ, ಕಾಗದ ಮರ್ತೇಬಿಟ್ಟಿದ್ವಿ ನೋಡ್ರಿ ಸಾಹೇಬ್ರ, ಟ್ರ್ಯಾಕ್ಟರ್ ಅಡ್ಡಾಡಾಕತ್ತೇತಿ" ಅಂದ. ಹಾಗೆಲ್ಲ ಮರೀಬಾರದು, ನಾಳೆಯೇ ಬಂದು ಸಹಿ ಮಾಡಿ ಹೋಗ್ರಿ ಅಂತ ಬೈದೆ.