ಬಾನೆಟ್ ಎತ್ತಿದರೆ ಕಾಣುವ ಡಾಟ್ಸನ್ 240ಝಡ್

ಜಪಾನಿನ ನಿಸ್ಸಾನ್ ಕಂಪನಿ ಡಾಟ್ಸನ್ ಎಂಬ ಹೆಸರಲ್ಲಿ ಮಾರಿದ ಸ್ಪೋರ್ಟ್ಸ್ ಕಾರು 240ಝಡ್. ಅದನ್ನು ನೋಡಿದವರೆಲ್ಲ ಅದರ ಉದ್ದ ಮೂತಿಯನ್ನು ಹೊಗಳುತ್ತಾರೆ. ಹಳೆಯ ಕಾರು ರಿಪೇರಿ ಮಾಡುವ ನನ್ನಂಥವರು ಮೊದಲು ಬಾನೆಟ್ ಎತ್ತುತ್ತೇವೆ. ಅಲ್ಲಿರುವ ಆರು ಸಿಲಿಂಡರಿನ ಎಲ್24 ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 83 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 73.7 ಮಿ.ಮೀ. ಅದೇ ಕಂಪನಿಯ ಸಂಸಾರಸ್ಥರ ಕಾರು ಡಾಟ್ಸನ್ 510ರ ನಾಲ್ಕು ಸಿಲಿಂಡರ್ ಎಂಜಿನ್ನಿಗೂ ಇದೇ ಅಳತೆ. ಆ 1,595 ಸಿಸಿಗೆ ಇನ್ನೆರಡು ಸಿಲಿಂಡರ್ ಸೇರಿಸಿ, 2,393 ಸಿಸಿ ಆಯಿತು. ಹೊಸದಾಗಿ ಕಂಡುಹಿಡಿಯುವ ಗೋಜಿಗೆ ಹೋಗದೆ, ಕೈಯಲ್ಲಿದ್ದದ್ದನ್ನೇ ಬೆಳೆಸಿದ ಎಂಜಿನ್ ಇದು.

ಕಾರು ಜಪಾನಿನಲ್ಲಿ 1969ರ ಅಕ್ಟೋಬರಿನಲ್ಲಿ ಫೇರ್‌ಲೇಡಿ ಝಡ್ ಎಂಬ ಹೆಸರಲ್ಲಿ ಹೊರಬಂತು. 2,000 ಸಿಸಿ ದಾಟಿದರೆ ಅಲ್ಲಿ ಆಗ ತೆರಿಗೆ ಜಾಸ್ತಿ ಇತ್ತು. ಹಾಗಾಗಿ ಊರಿನವರಿಗೆ ಎರಡು ಲೀಟರಿನ ಎಂಜಿನ್, ಅಮೆರಿಕದವರಿಗೆ ದೊಡ್ಡದು. ನಿಸ್ಸಾನ್‌ನ ಅಮೆರಿಕದ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕಟಾಯಾಮಾ ಅವರಿಗೆ ಫೇರ್‌ಲೇಡಿ ಎಂಬ ಹೆಸರು ಹಿಡಿಸಲಿಲ್ಲ. ಅಲ್ಲಿ ಅದು 240ಝಡ್ ಆಗಿಯೇ ಮಾರಾಟವಾಯಿತು. ಆಗಿನ ಬೆಲೆ 3,526 ಡಾಲರ್. ಅಷ್ಟಕ್ಕೆ 151 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್, ಮುಂದೆ ಡಿಸ್ಕ್ ಬ್ರೇಕ್. ಬ್ರಿಟನ್ನಿನ ಸ್ಪೋರ್ಟ್ಸ್ ಕಾರು ಜಾಗ್ವಾರ್ ಇ-ಟೈಪ್ ಆಗ ಇದಕ್ಕಿಂತ ಎಷ್ಟೋ ದುಬಾರಿ.

1973ರಲ್ಲಿ ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿಯನ್ನು ಇದೇ ಕಾರಿನಲ್ಲಿ ಗೆದ್ದವರು ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ. 1971ರಲ್ಲೂ ಗೆದ್ದದ್ದು 240ಝಡ್ಡೇ. ಸ್ಪೋರ್ಟ್ಸ್ ಕಾರು ಅಂದರೆ ನಾಜೂಕು ಅನ್ನುವವರ ಬಾಯಿ ಮುಚ್ಚಿಸಲು ಆ ಕೆಸರು, ಧೂಳಿನ ದಾರಿ ಸಾಕಾಯಿತು.

ನನಗೆ ಇಷ್ಟವಾದದ್ದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಇದರ ಎರಡು ಹಿಟಾಚಿ ಕಾರ್ಬುರೇಟರ್‌ಗಳು. ಬ್ರಿಟನ್ನಿನ ಎಸ್‌ಯು ಕಂಪನಿಯ ಕಾರ್ಬುರೇಟರಿನ ಮಾದರಿಯವು. ಟ್ಯೂನಿಂಗಿಗೆ ಸ್ಕ್ರೂಡ್ರೈವರ್, ಒಂದು ತುಂಡು ರಬ್ಬರ್ ಪೈಪು, ಒಳ್ಳೆಯ ಕಿವಿ ಇದ್ದರೆ ಆಯಿತು. ಏರ್ ಕ್ಲೀನರ್ ಬಿಚ್ಚಿ, ಎಂಜಿನ್ ಚಾಲೂ ಮಾಡಿ, ಪೈಪಿನ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿಯಬೇಕು. ಎರಡರಿಂದಲೂ ‘ಸುಯ್’ ಅನ್ನುವ ಸದ್ದು ಒಂದೇ ಸಮ ಬರುವ ತನಕ, ಒಳಹೋಗುವ ಗಾಳಿಯನ್ನು ಹೊಂದಿಸುವ ಥ್ರಾಟಲ್ ಸ್ಕ್ರೂ ತಿರುಗಿಸಬೇಕು. ಮಿಕ್ಸ್‌ಚರ್, ಅಂದರೆ ಪೆಟ್ರೋಲು-ಗಾಳಿಯ ಪ್ರಮಾಣ ಹೊಂದಿಸುವ ಕೆಲಸ ಆಮೇಲೆ. ಕಾರ್ಬುರೇಟರಿನ ಮೇಲಿನ ಗುಮ್ಮಟದೊಳಗೆ ಡ್ಯಾಂಪರ್ ಆಯಿಲ್ ಇದೆಯಾ ಎಂದು ನೋಡಲು ಬಹಳ ಜನ ಮರೆಯುತ್ತಾರೆ. ಅದು ಖಾಲಿಯಾಗಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ತಡವರಿಸುತ್ತದೆ, ಪಾಪ, ಬೈಸಿಕೊಳ್ಳುವುದು ಕಿಡಿ ಹಚ್ಚುವ ಇಗ್ನಿಷನ್. ಹೊಗೆ ನಿಯಮಕ್ಕೆ ಹೊಂದಿಸಲು 1973ರ ಕಾರಿಗೆ ಹಾಕಿದ ಚಪ್ಪಟೆ ತಲೆಯ ಕಾರ್ಬುರೇಟರ್‌ಗಳನ್ನು ಮಾತ್ರ ನಾನು ಹೊಗಳಲಾರೆ. ಬಿಸಿಗೆ ಪೆಟ್ರೋಲು ಆವಿಯಾಗಿ ಕಾರು ಕೈಕೊಡುತ್ತಿತ್ತು. ಎಷ್ಟೋ ಮಾಲೀಕರು ಹಳೆಯ ಗುಂಡು ತಲೆಯವನ್ನೇ ಹುಡುಕಿ ಕೂರಿಸಿಕೊಂಡರು.

ಕೊಳ್ಳುವ ಆಸೆಯಿದ್ದರೆ ಎಂಜಿನ್ ಸದ್ದಿಗೆ ಮರುಳಾಗುವ ಮೊದಲು ತುಕ್ಕು ನೋಡಿ. ಬ್ಯಾಟರಿ ಎತ್ತಿ, ಆಸಿಡ್ ಸೋರಿ ಅದರ ಟ್ರೇಯನ್ನೂ ಕೆಳಗಿನ ರೈಲನ್ನೂ, ಅಂದರೆ ಬಾಡಿಯ ಭಾರ ಹೊರುವ ಉಕ್ಕಿನ ತೊಲೆಯನ್ನೂ, ತಿಂದಿದೆಯಾ ಪರೀಕ್ಷಿಸಿ. ಕಾರ್ಪೆಟ್ ಸರಿಸಿ ಫ್ಲೋರನ್ನು ತಟ್ಟಿ. ಹಿಂದಿನ ಚಕ್ರದ ಮುಂದಿರುವ ಬಾಡಿಯ ಮೂಲೆಗೆ ಆಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಬಣ್ಣದಡಿ ಪುಟ್ಟಿ ಮೆತ್ತಿದ್ದಾರೆ ಅಂತಲೇ ಅರ್ಥ. ಆ ಎಂಜಿನ್ ವಂಶದ ಬಿಡಿಭಾಗ ಈಗಲೂ ಸಿಗುತ್ತದೆ, ಕೆಟ್ಟರೆ ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ಬಾಡಿಯ ಮೇಲೆ ಸುರಿಯುವ ದುಡ್ಡು ಮಾತ್ರ ಕಾರಿನ ಬೆಲೆಯನ್ನೇ ಮೀರಬಹುದು.