ಮುರಕಲ್ಲು, ಸುರಂಗ, ಎಂಡೋಸಲ್ಫಾನ್: ನೀರು ಕರಗಿಸಿದ್ದು, ಕರಗಿಸಲಾಗದ್ದು

ಕಾಸರಗೋಡಿನ ಗೇರುತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಥೆಯನ್ನು ಎಲ್ಲರೂ ಅದನ್ನು ಸಿಂಪಡಿಸಿದ ಹೆಲಿಕಾಪ್ಟರಿನಿಂದ ಶುರುಮಾಡುತ್ತಾರೆ. ಅದನ್ನು ಇನ್ನೂ ಕೆಳಗಿನಿಂದ, ಅಲ್ಲಿನ ಗುಡ್ಡಗಳ ಮುರಕಲ್ಲಿನಿಂದಲೇ (ಲ್ಯಾಟರೈಟ್) ಹೇಳಬೇಕು ಎನಿಸುತ್ತದೆ ನನಗೆ. ಪಡ್ರೆ, ಪೆರ್ಲ, ಬೆಳ್ಳೂರು, ಮುಳಿಯಾರು ಕಡೆಯ ಗುಡ್ಡಗಳನ್ನು ಮುರಕಲ್ಲಾಗಿಸಿದ್ದು ನೀರು. ಮಳೆಹನಿ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡೇ ಕೆಳಗಿಳಿಯುವುದರಿಂದ ನೆಲ ಮುಟ್ಟುವ ಮೊದಲೇ ತುಸು ಹುಳಿ. ಹುಳಿ, ಕ್ಷಾರಗಳನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ 7 ತಟಸ್ಥ, ಮಳೆನೀರಿನದ್ದು 5.6ರ ಆಸುಪಾಸು. ಇಂಥ ಮಳೆ ಲಕ್ಷಾಂತರ ವರ್ಷ ಸುರಿದು ಬಂಡೆಯೊಳಗಿನ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂಗಳನ್ನು, ಆಮೇಲೆ ನಿಧಾನವಾಗಿ ಸಿಲಿಕಾವನ್ನೂ ಕರಗಿಸಿ ಹೊಳೆಗೆ, ಕಡಲಿಗೆ ಸಾಗಿಸಿತು. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಕಲ್ಲಿನ ಕೆಂಪು ಬಣ್ಣ, ತೂತು ತೂತಾದ ಮೈ ಎರಡೂ ಹಾಗೆ ಬಂದವು. 1800ರ ಹೊತ್ತಿಗೆ ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕನನ್ ಇದರ ಗುಣವನ್ನು ಬರೆದಿಟ್ಟಿದ್ದಾನೆ: ನೆಲದೊಳಗೆ ಇರುವಾಗ ಕಡಿಯುವಷ್ಟು ಮೆತ್ತಗೆ, ಹೊರಗಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ.

ನೀರಿಗೆ ಈ ಶಕ್ತಿ ಬಂದದ್ದು ಅದರ ಅಣುವಿನ ಆಕಾರದಿಂದ. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಎಂಬ ಲೆಕ್ಕ ಕ್ಯಾವೆಂಡಿಶ್, ಲಾವೋಸಿಯೆ ಕಾಲದಿಂದ ಶುರುವಾಗಿ 1805ರಲ್ಲಿ ಗೇ ಲುಸಾಕ್ ಮತ್ತು ಹಂಬೋಲ್ಟ್ ಅನಿಲಗಳನ್ನು ಅಳೆಯುವ ಹೊತ್ತಿಗೆ ಖಚಿತವಾಗಿತ್ತು. ಈ ಮೂರು ಪರಮಾಣುಗಳು ಒಂದೇ ಗೆರೆಯಲ್ಲಿ ಕೂತಿಲ್ಲ, 104.5 ಡಿಗ್ರಿಯಲ್ಲಿ ಬಾಗಿ ಕೂತಿವೆ. ಹಾಗಾಗಿ ಆಕ್ಸಿಜನ್ ಬದಿ ತುಸು ಋಣ, ಹೈಡ್ರೋಜನ್ ಬದಿ ತುಸು ಧನ. ಉಪ್ಪು ಹಾಕಿದರೆ ಸೋಡಿಯಂ ಸುತ್ತ ಒಂದು ಬದಿಯಿಂದ, ಕ್ಲೋರಿನ್ ಸುತ್ತ ಇನ್ನೊಂದು ಬದಿಯಿಂದ ನೀರಿನ ಅಣುಗಳು ಮುತ್ತಿಕೊಂಡು ಎರಡನ್ನೂ ಬಿಡಿಸುತ್ತವೆ. ಒಂದು ಲೀಟರಿಗೆ ಸುಮಾರು 360 ಗ್ರಾಂ ಉಪ್ಪು ಹೀಗೆ ಮಾಯವಾಗುತ್ತದೆ. ರಕ್ತದಲ್ಲಿ ಸಕ್ಕರೆ ಹರಿಯುವುದು, ಅಡಕೆ ಮರದ ಬೇರು ಮಣ್ಣಿನಿಂದ ಪೊಟ್ಯಾಷ್ ಹೀರುವುದು ಎಲ್ಲ ಇದರ ಬಲದಿಂದಲೇ.

ಶಾಲೆಯಲ್ಲಿ ಪಾಠ ಇಲ್ಲಿಗೆ ಮುಗಿಯುತ್ತದೆ, ನೀರು ‘ಸಾರ್ವತ್ರಿಕ ದ್ರಾವಕ’ ಎಂದು ಬರೆಸಿ ಅಡಿಗೆರೆ ಹಾಕಿಸುತ್ತಾರೆ. ಅರ್ಧ ಸತ್ಯ ಅದು. ಹಲಸಿನಕಾಯಿ ಕೊಯ್ಯುವವರು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದು ಯಾಕೆ? ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ವಿದ್ಯುದಂಶದ ಎರಡು ಬದಿಗಳಿಲ್ಲದ ಅಣುಗಳನ್ನು ನೀರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವು ಕೊಬ್ಬು, ಎಣ್ಣೆಗಳ ಜತೆ ಸೇರಿಕೊಳ್ಳುತ್ತವೆ. ಜೀವಕ್ಕೆ ಇದೂ ಅಷ್ಟೇ ಬೇಕು. ಜೀವಕೋಶದ ಪೊರೆ ಕೊಬ್ಬಿನದ್ದು. ಅದೂ ನೀರಿನಲ್ಲಿ ಕರಗುವಂತಿದ್ದರೆ ಕೋಶಕ್ಕೆ ಒಳಗು, ಹೊರಗು ಎಂಬುದೇ ಇರುತ್ತಿರಲಿಲ್ಲ. ಎಂಡೋಸಲ್ಫಾನ್ ನುಸುಳಿದ್ದು ಈ ಬದಿಯಿಂದ.

ಮೊದಲು ಸುರಂಗದ ಮಾತು. ಉತ್ತರ ಕಾಸರಗೋಡು ಮತ್ತು ಅದಕ್ಕೆ ತಾಗಿದ ದಕ್ಷಿಣ ಕನ್ನಡದಲ್ಲಿ ಬಾವಿಯನ್ನು ಅಡ್ಡಕ್ಕೂ ತೋಡುತ್ತಾರೆ. ಒಬ್ಬ ಆಳು ನುಸುಳುವಷ್ಟು ಅಗಲ, ನಿಂತು ನಡೆಯುವಷ್ಟು ಎತ್ತರ. ಪಿಕ್ಕಾಸು ಹಿಡಿದು ಗುಡ್ಡದ ಹೊಟ್ಟೆಗೆ ಕೊರೆಯುತ್ತಾ ಹೋಗುತ್ತಾರೆ, ದೀಪ ಮಂಕಾದರೆ ಆಮ್ಲಜನಕ ಸಾಲದೆಂದು ಹಿಂದೆ ಬರುತ್ತಾರೆ. ಒಸರು ಸಿಕ್ಕಿದರೆ ಮತ್ತೆ ಪಂಪಿನ ಹಂಗಿಲ್ಲ, ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ತಾನಾಗಿ ಅಂಗಳಕ್ಕೆ ಬರುತ್ತದೆ. ಮಳೆಗಾಲದಲ್ಲಿ ಗುಡ್ಡದ ನೆತ್ತಿ ಕುಡಿದದ್ದನ್ನು ಬೇಸಗೆಯಲ್ಲಿ ಸುರಂಗ ಕೊಡುತ್ತದೆ. ಅಂದರೆ ನೆತ್ತಿಯಲ್ಲಿ ಏನು ಬಿತ್ತು ಎಂಬುದು ಕೆಳಗಿನ ಮನೆಯವರ ಕೊಡಪಾನಕ್ಕೆ ಸಂಬಂಧಪಟ್ಟ ವಿಷಯ.

ಆ ನೆತ್ತಿಯಲ್ಲೇ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ಎದ್ದವು. ಚಿಗುರು ಹೀರುವ, ಟೀ ಸೊಳ್ಳೆ ಎಂದು ಕರೆಯುವ ತಿಗಣೆ ಜಾತಿಯ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸಿಂಪಡಿಸುವ ದಿನ ಬಾವಿ ಮುಚ್ಚಿಕೊಳ್ಳಿ ಎಂಬ ಸೂಚನೆ ಬರುತ್ತಿತ್ತು. ಹೊಂಡದಂಥ ಬಾವಿಯನ್ನೇನೋ ಮಡಲು ಹಾಕಿ ಮುಚ್ಚಬಹುದು. ಹರಿಯುವ ತೋಡನ್ನು, ಅಂದರೆ ಹಳ್ಳವನ್ನು, ಮುಚ್ಚುವುದು ಹೇಗೆ, ಗುಡ್ಡವನ್ನೇ ಬಾಯಿ ಮಾಡಿಕೊಂಡ ಸುರಂಗವನ್ನು ಮುಚ್ಚುವುದು ಹೇಗೆ?

ಲೀಟರ್ ನೀರಿನಲ್ಲಿ ಎಂಡೋಸಲ್ಫಾನ್ ಅರ್ಧ ಮಿಲಿಗ್ರಾಂ ಕೂಡ ಕರಗುವುದಿಲ್ಲ. ಹಾಗಾದರೆ ಅದು ನೀರಿಗೆ ಬರುವುದಾದರೂ ಹೇಗೆ? ಸಿಂಪಡಿಸುವ ದ್ರವದಲ್ಲಿ ಅದನ್ನು ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿ, ನೀರಿನೊಡನೆ ಬೆರೆಯುವಂತೆ ಎಮಲ್ಸಿಫೈಯರ್ ಸೇರಿಸಿರುತ್ತಾರೆ. ನೆಲಕ್ಕೆ ಬಿದ್ದದ್ದು ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಜೂನಿನ ಕೆಂಪು ನೀರು ಮಣ್ಣನ್ನು ಹೊತ್ತು ತೋಡಿಗಿಳಿಯುವಾಗ ವಿಷವೂ ಜತೆಗಿಳಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಲ್ಲಿ ‘ಒಂದು ಮಳೆಗೆ ಎಲ್ಲ ತೊಳೆದುಹೋಗುತ್ತದೆ’ ಎಂದು ನಂಬುವುದು ಸುಲಭ. ತೊಳೆಯುವುದು ಬೇರೆ, ಕರಗಿಸಿ ಒಯ್ಯುವುದು ಬೇರೆ.

ಇನ್ನೊಂದು ಸಂಗತಿಯ ಬಗ್ಗೆ ಚರ್ಚೆ ಕಡಿಮೆ. ನೀರು ಎಂಡೋಸಲ್ಫಾನನ್ನು ಒಡೆಯುವುದೂ ಉಂಟು, ಆದರೆ ಎಷ್ಟು ಬೇಗ ಎಂಬುದನ್ನು ಪಿಎಚ್ ತೀರ್ಮಾನಿಸುತ್ತದೆ. ಕ್ಷಾರದ ನೀರಿನಲ್ಲಿ, ಪಿಎಚ್ 9ರಲ್ಲಿ, ಒಂದು ದಿನದೊಳಗೆ ಅರ್ಧ ಒಡೆದುಹೋದೀತು. ಪಿಎಚ್ 5ರಲ್ಲಿ ಅದಕ್ಕೆ ತಿಂಗಳುಗಟ್ಟಲೆ ಬೇಕು. ಮುರಕಲ್ಲು ನಾಡಿನ ಬಾವಿ, ಸುರಂಗಗಳ ನೀರು ಹುಳಿಯ ಕಡೆಗೇ ವಾಲಿದ್ದು. ಅದನ್ನು ತಟಸ್ಥಗೊಳಿಸುವ ಸುಣ್ಣದಂಶವನ್ನು ಮಳೆ ಎಂದೋ ಕದ್ದೊಯ್ದಿದೆ. ಸುಣ್ಣಕಲ್ಲಿನ ನಾಡಿನಲ್ಲಿ ಬೇಗ ಒಡೆಯಬಹುದಾಗಿದ್ದ ವಿಷ ಇಲ್ಲಿ ತಡವಾಗಿ ಒಡೆಯುವಂತೆ ನಮ್ಮ ನೆಲದ ಗುಣವೇ ಇತ್ತು ಎಂದು ಇದರಿಂದ ಅರ್ಥವಾಗುತ್ತದೆ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ, ಉಳಿಯುವುದು ಮೂಲಕ್ಕಿಂತಲೂ ಹೆಚ್ಚು ಕಾಲ.

ಸಿಂಪಡಣೆ ಶುರುವಾದ ಕೆಲವೇ ವರ್ಷಗಳಲ್ಲಿ ಕರುಗಳ ಕಾಲು ಸೊಟ್ಟಗಾಗುತ್ತಿರುವುದನ್ನು ಕೃಷಿ ಪತ್ರಕರ್ತ ಶ್ರೀ ಪಡ್ರೆ ಬರೆದರು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತನ್ನಲ್ಲಿ ಬರುವ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳ ಸಾಲನ್ನೇ ಕಂಡರು. 1998ರಲ್ಲಿ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು ಮಾತ್ರವಲ್ಲ, ಜನರ ರಕ್ತ, ಎದೆಹಾಲುಗಳಲ್ಲೂ ಎಂಡೋಸಲ್ಫಾನ್ ಇದೆಯೆಂದಿತು. ಎದೆಹಾಲು ಕೊಬ್ಬಿರುವ ದ್ರವ ಎಂಬುದನ್ನು ನೆನಪಿಟ್ಟರೆ ಅದು ಈ ಪಟ್ಟಿಯಲ್ಲಿದ್ದದ್ದು ಆಶ್ಚರ್ಯವಲ್ಲ. ವರದಿಗೆ ಪ್ರತಿ ವರದಿ, ಸಮಿತಿಯ ಮೇಲೆ ಸಮಿತಿ. ಅದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಷೇಧಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಅದೇ ನ್ಯಾಯಾಲಯ ಹೇಳಿದ್ದರೂ 2022ರಲ್ಲಿ ವಿಚಾರಣೆಗೆ ಬಂದಾಗ 3,704 ಮಂದಿಯಲ್ಲಿ ಹಣ ತಲುಪಿದ್ದು 8 ಮಂದಿಗೆ.

ಉಳಿದ ದಾಸ್ತಾನಿನ ಕತೆ ಇನ್ನೂ ಮುಗಿದಿಲ್ಲ. ಮಿಂಚಿನಪದವಿನ ಗೇರುತೋಟದ ಹಾಳುಬಾವಿಗೆ ಎಂಡೋಸಲ್ಫಾನ್ ಹಾಕಿ ಮುಚ್ಚಲಾಗಿತ್ತೆಂಬ ಆರೋಪ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಗುಡ್ಡ ಹತ್ತಿತು. ಇಂಥ ಜಾಗದಲ್ಲಿ ಸುತ್ತಲಿನ ಬಾವಿಗಳ ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿ, ಏನೂ ಸಿಗಲಿಲ್ಲವೆಂದರೆ ನಿಟ್ಟುಸಿರು ಬಿಡುವಂತಿಲ್ಲ. ಕರಗದ ವಿಷವನ್ನು ಹುಡುಕಬೇಕಾದ್ದು ಬಾವಿಯ ತಳದ ಕೆಸರಲ್ಲಿ, ತೋಡಿನ ಹೂಳಿನಲ್ಲಿ, ಅದೂ ಎಂಡೋಸಲ್ಫಾನ್ ಸಲ್ಫೇಟನ್ನು ಲೆಕ್ಕಕ್ಕೆ ಸೇರಿಸಿಕೊಂಡು.