ಸೆಳೆತಕ್ಕೂ ಬಿಗಿತಕ್ಕೂ ಎರವಲು ಮಾತ್ರೆಗಳು

ಸ್ನಾಯುಗಳನ್ನು ಆಡಿಸುವ ನರಗಳು ಹಾಳಾಗುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆ ಎಂದರೆ ನೆನಪಾಗುವುದು ಕೈಕಾಲು ಸೋಲುವುದು, ನುಂಗಲು ಕಷ್ಟವಾಗುವುದು, ಉಸಿರಾಟ ಕುಗ್ಗುವುದು. ನಡುರಾತ್ರಿ ಮೀನಖಂಡ ಹಿಡಿದುಕೊಂಡಾಗಿನ ನೋವು, ಬೆಳಿಗ್ಗೆ ಮಡಚಲಾಗದ ಮಂಡಿಯ ಮಾತು ಜಾಸ್ತಿ ಬರುವುದಿಲ್ಲ. ಫ್ರಾನ್ಸಿನ ವೈದ್ಯ ಶಾರ್ಕೋ 1869ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದರು. ಆದರೂ ಸೆಳೆತಕ್ಕೆ, ಬಿಗಿತಕ್ಕೆ ಇವತ್ತು ಕೊಡುವುದು ಬೇರೆ ಕಾಯಿಲೆಗಳಿಂದ ಎರವಲು ತಂದ ಮಾತ್ರೆಗಳನ್ನೇ.

ಎರಡೂ ಒಂದೇ ಅಲ್ಲ. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರ ಹಾಳಾಗುವಾಗ ಸುಮ್ಸುಮ್ನೆ ಕೆರಳುತ್ತದೆ. ಅದರಿಂದ ಸೆಳೆತ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರ ಹಾಳಾದರೆ ಹಿಡಿತ ತಪ್ಪಿ ಸ್ನಾಯು ಬಿಗಿಯುತ್ತದೆ.

ಸೆಳೆತಕ್ಕೆ ಮೊದಲು ಬಂದದ್ದು ಮಲೇರಿಯಾದ ಕ್ವಿನೈನ್. 1940ರ ಹೊತ್ತಿಗೆ ರಾತ್ರಿಯ ಕಾಲುಸೆಳೆತಕ್ಕೂ ವೈದ್ಯರು ಅದನ್ನು ಬಳಸತೊಡಗಿದ್ದರು. ಆದರೆ ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿಯಿತು, ಹೃದಯ ಬಡಿತ ಏರುಪೇರಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಅನುಮೋದನೆಯಿಲ್ಲದ ಕ್ವಿನೈನ್ ಮಾತ್ರೆಗಳನ್ನು ಮಾರುಕಟ್ಟೆಯಿಂದ ತೆಗೆಸಿತು, ಸೆಳೆತಕ್ಕೆ ಬಳಸಬೇಡಿ ಎಂದಿತು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಮಾತ್ರ 2016ರಲ್ಲಿ ಈ ಕಾಯಿಲೆಯ ಸೆಳೆತಕ್ಕೆ ಮೊದಲ ಆಯ್ಕೆಯಾಗಿ ಕ್ವಿನೈನನ್ನೇ ಹೇಳಿತು. ಒಳ್ಳೆಯ ಪರೀಕ್ಷೆಗಳು ಕಡಿಮೆಯಿದ್ದರೆ ಹೀಗೇ ಆಗುವುದು, ಅಲ್ವಾ?

ಹೃದಯ ಬಡಿತ ಸರಿಪಡಿಸುವ ಮೆಕ್ಸಿಲೆಟಿನ್ ಆಮೇಲೆ ಬಂತು. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ 20 ರೋಗಿಗಳ ಪೈಕಿ 18 ಜನರಿಗೆ ಸೆಳೆತ ಕಡಿಮೆಯಾಯಿತು. ಚಿಕ್ಕ ಪರೀಕ್ಷೆ, ನಿಜ. ಆದರೆ ಈ ರೋಗಿಗಳನ್ನೇ ಕೂರಿಸಿಕೊಂಡು ಕೇಳಿದ ಪರೀಕ್ಷೆ ಅದು. ನನಗೆ ಅದೇ ಮುಖ್ಯ.

ಬಿಗಿತದ ಕಥೆಯೂ ಇಂಥದ್ದೇ. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ 1962ರಲ್ಲಿ ಬ್ಯಾಕ್ಲೋಫೆನ್ ತಯಾರಿಸಿದ್ದು ಮೂರ್ಛೆರೋಗಕ್ಕೆ. ಮೂರ್ಛೆಗೆ ಅದು ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ, ಆದರೆ ಬಿಗಿತ ಸಡಿಲಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ, ಬೆನ್ನುಹುರಿ ಪೆಟ್ಟಿನ ರೋಗಿಗಳಲ್ಲಿ ಕಂಡ ಗುಣವನ್ನು ನಂಬಿ ಇಲ್ಲಿಗೂ ತಂದರು. ಬಿಗಿತದ ಇನ್ನೊಂದು ಮಾತ್ರೆ ಟಿಜಾನಿಡಿನ್ ಬಂದ ದಾರಿಯೂ ಹೆಚ್ಚುಕಡಿಮೆ ಅದೇ.

ಈ ಕಾಯಿಲೆಯ ಬಿಗಿತದ ಮೇಲೆ ನಡೆದ ಪರೀಕ್ಷೆಗಳನ್ನು ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಮಾಡಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ವಿಮರ್ಶಕರು ಹುಡುಕಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಒಂದೇ. ಅದೂ ಮಾತ್ರೆಯದಲ್ಲ, ವ್ಯಾಯಾಮದ್ದು! ಇಸ್ರೇಲಿನಲ್ಲಿ 25 ರೋಗಿಗಳ ಮೇಲೆ ನಡೆದ ಈ ಪರೀಕ್ಷೆ 2001ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಸಲ, 15 ನಿಮಿಷದ ಮಿತವಾದ ವ್ಯಾಯಾಮ ಮಾಡಿದವರಲ್ಲಿ ಮೂರು ತಿಂಗಳಿಗೆ ಬಿಗಿತ ಕಡಿಮೆಯಿತ್ತು. 2019ರಲ್ಲಿ ಇಟಲಿಯ ಪರೀಕ್ಷೆಯೊಂದು ಗಾಂಜಾ ಸಾರದ ಬಾಯಿ ಸ್ಪ್ರೇಯಿಂದಲೂ ಬಿಗಿತ ಇಳಿಯುತ್ತದೆ ಎಂದು ತೋರಿಸಿತು. ಕಾಯಿಲೆಯನ್ನೇ ನಿಲ್ಲಿಸುವ ಔಷಧಿ ಹುಡುಕಬೇಕು, ಖಂಡಿತ. ಆದರೆ ಅದು ಸಿಗುವವರೆಗೆ ಬದುಕುವವರ ರಾತ್ರಿಗಳಿಗೆ ಇಷ್ಟು ಕಡಿಮೆ ಗಮನ ಕೊಟ್ಟಿದ್ದು ಸರಿಯಲ್ಲ.

ಮನೆಯವರು ಒಂದು ವಿಷಯ ತಿಳಿದಿರಬೇಕು. ಸೋತ ಕಾಲಿಗೆ ಕೆಲವೊಮ್ಮೆ ಆ ಬಿಗಿತವೇ ಆಸರೆ. ಮಾತ್ರೆ ಜಾಸ್ತಿಯಾಗಿ ಬಿಗಿತ ಪೂರ್ತಿ ಹೋದರೆ, ನಿನ್ನೆ ಎದ್ದು ನಿಂತವರು ಇವತ್ತು ಕುಸಿಯಬಹುದು. ಅದಕ್ಕೇ ವೈದ್ಯರು ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ನಿಲ್ಲುವುದು ಕಷ್ಟವಾಯಿತು ಅನ್ನಿಸಿದರೆ ಅವರಿಗೆ ತಕ್ಷಣ ಹೇಳಿ. ಆದರೆ ಬ್ಯಾಕ್ಲೋಫೆನ್ನನ್ನು ನೀವೇ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು.